ತೇಲು–ಮುಳುಗು ಪ್ರಯೋಗದ ಕಿಟ್: ಹತ್ತು ಕ್ಯೂಬ್‌ಗಳ ಜೊತೆ ಇರಬೇಕಿದ್ದ ಒಂದು ಮರದ ದಿಮ್ಮಿ

ವಸ್ತುಗಳು ನೀರಿನಲ್ಲಿ ಏಕೆ ತೇಲುತ್ತವೆ, ಏಕೆ ಮುಳುಗುತ್ತವೆ ಎಂಬುದನ್ನು ಮಕ್ಕಳು ಕೈಯಾರೆ ಮಾಡಿ ತಿಳಿಯಲೆಂದು ಸಿದ್ಧಪಡಿಸಿದ ಪ್ರಯೋಗದ ಕಿಟ್‌ಗಳು ಈಗ ಶಾಲಾ ಸಾಮಗ್ರಿಗಳ ಅಂಗಡಿಗಳಲ್ಲೂ ಆನ್‌ಲೈನ್ ಮಾರಾಟದಲ್ಲೂ ಸುಲಭವಾಗಿ ದೊರೆಯುತ್ತವೆ. ಅಂಥ ಒಂದು ಕಿಟ್ಟನ್ನು ನಮ್ಮ ಪ್ರೌಢಶಾಲೆಯ ಪ್ರಯೋಗಾಲಯಕ್ಕೆ ತರಿಸಿ, ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳೊಂದಿಗೆ ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇದೇ ಬಗೆಯ ಸಾಮಗ್ರಿಯನ್ನು ಹಲವರು ಹಲವು ಹೆಸರುಗಳಲ್ಲಿ ಮಾರುತ್ತಾರೆ. ಆದ್ದರಿಂದ ತಯಾರಕರ ಹೆಸರಿಗಿಂತ ಪೆಟ್ಟಿಗೆಯೊಳಗೆ ಏನಿದೆ, ಅದರಿಂದ ಏನನ್ನು ಕಲಿಸಬಹುದು, ಏನನ್ನು ಕಲಿಸಲಾಗದು ಎಂಬುದನ್ನು ಹೇಳುವುದೇ ಕೊಳ್ಳುವವರಿಗೆ ಹೆಚ್ಚು ಉಪಯುಕ್ತ.

ಕಿಟ್‌ನಲ್ಲಿ ಪ್ರತಿ ಬದಿಯೂ 2.5 ಸೆಂ.ಮೀ. ಇರುವ ಹತ್ತು ಕ್ಯೂಬ್‌ಗಳಿವೆ: ತಾಮ್ರ, ಹಿತ್ತಾಳೆ, ಉಕ್ಕು, ಅಲ್ಯೂಮಿನಿಯಂ, ಪಿವಿಸಿ, ಅಕ್ರಿಲಿಕ್, ನೈಲಾನ್, ಪಾಲಿಪ್ರೊಪಿಲೀನ್, ತೇಗ ಮತ್ತು ಪೈನ್ ಮರ. ಇವುಗಳ ಜೊತೆಗೆ ಒಂದು ಪಾರದರ್ಶಕ ಜಾಡಿ, ಮೂತಿಯಿರುವ ಒಂದು ಓವರ್‌ಫ್ಲೋ ಪಾತ್ರೆ, 100 ಮಿ.ಲೀ. ಅಳತೆಯ ಸಿಲಿಂಡರ್, 500 ಗ್ರಾಂವರೆಗೆ ತೂಗುವ ಸ್ಪ್ರಿಂಗ್ ತ್ರಾಸು, ದಾರ, 50 ಗ್ರಾಂ ಉಪ್ಪಿನ ಪೊಟ್ಟಣ ಮತ್ತು ಕನ್ನಡ, ಇಂಗ್ಲಿಷ್ ಎರಡರಲ್ಲೂ ಮುದ್ರಿಸಿದ ಕೈಪಿಡಿ ಇವೆ. ಬೆಲೆ 2,500 ರೂಪಾಯಿಯ ಆಸುಪಾಸಿನಲ್ಲಿದೆ.

ಇಂಥ ಕಿಟ್ಟನ್ನು ಅಳೆಯಲು ನನ್ನ ಬಳಿ ಇರುವ ಮಾನದಂಡ ಒಂದೇ. ತೇಲುವುದು, ಮುಳುಗುವುದು ಮಗುವಿಗೆ ಹೊಸ ವಿಷಯವಲ್ಲ. ಅದು ತರಗತಿಗೆ ಬರುವ ಮೊದಲೇ ತನ್ನದೊಂದು ಸಿದ್ಧಾಂತವನ್ನು ಕಟ್ಟಿಕೊಂಡಿರುತ್ತದೆ. ಭಾರವಾದದ್ದು ಮುಳುಗುತ್ತದೆ, ಹಗುರವಾದದ್ದು ತೇಲುತ್ತದೆ ಎಂಬುದೇ ಆ ಸಿದ್ಧಾಂತ. ಬಾವಿಗೆ ಬಿದ್ದ ಕಲ್ಲನ್ನೂ ಕೆರೆಯ ಮೇಲೆ ತೇಲುವ ಎಲೆಯನ್ನೂ ಕಂಡು ಕಟ್ಟಿಕೊಂಡ ಆ ತಿಳಿವಳಿಕೆಯನ್ನು ಅವಿವೇಕವೆಂದು ತಳ್ಳಿಹಾಕುವಂತಿಲ್ಲ. ಮಕ್ಕಳ ಆಲೋಚನಾಕ್ರಮವನ್ನು ಅಧ್ಯಯನ ಮಾಡಿದ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮತ್ತು ಬಾರ್ಬೆಲ್ ಇನ್‌ಹೆಲ್ಡರ್ ಈ ತೇಲು–ಮುಳುಗಿನ ಪ್ರಶ್ನೆಯನ್ನೇ ತಮ್ಮ ಪ್ರಯೋಗಗಳಲ್ಲಿ ಒಂದನ್ನಾಗಿ ಆರಿಸಿಕೊಂಡಿದ್ದರು. ಪುಟ್ಟ ಮಕ್ಕಳು ಒಂದು ವಸ್ತುವಿಗೆ ಒಂದು ಕಾರಣವನ್ನೂ ಇನ್ನೊಂದಕ್ಕೆ ಅದಕ್ಕೆ ವಿರುದ್ಧವಾದ ಕಾರಣವನ್ನೂ ಕೊಡುತ್ತಾರೆಂಬುದು ಅಲ್ಲಿ ಕಂಡುಬಂದಿತು. ಆದ್ದರಿಂದ ಒಳ್ಳೆಯ ಕಿಟ್ ಯಾವುದು ತೇಲಿತು, ಯಾವುದು ಮುಳುಗಿತು ಎಂಬ ಪಟ್ಟಿಯನ್ನು ಮಾಡಿಸಿ ನಿಲ್ಲಬಾರದು. ಮಗುವಿನ ಹಳೆಯ ಸಿದ್ಧಾಂತವನ್ನು ಅದರ ಕಣ್ಣೆದುರಿಗೇ ಅಲುಗಾಡಿಸಿ, ಅದರ ಜಾಗದಲ್ಲಿ ಇನ್ನೂ ಗಟ್ಟಿಯಾದ ಒಂದನ್ನು ಕಟ್ಟಲು ಅದು ನೆರವಾಗಬೇಕು.

ಈ ಕ್ಯೂಬ್‌ಗಳ ದೊಡ್ಡ ಗುಣವೆಂದರೆ ಅವುಗಳ ಸಮಾನ ಗಾತ್ರ. ತಾಮ್ರದ ಕ್ಯೂಬ್ ಸುಮಾರು 139 ಗ್ರಾಂ ತೂಗಿದರೆ ಅಲ್ಯೂಮಿನಿಯಂನದು ಸುಮಾರು 42 ಗ್ರಾಂ. ಪಾಲಿಪ್ರೊಪಿಲೀನ್ ಕ್ಯೂಬ್ ಸುಮಾರು 14 ಗ್ರಾಂ ಅಷ್ಟೇ. ಕಣ್ಣಿಗೆ ಒಂದೇ ಗಾತ್ರವಾಗಿ ಕಾಣುವ ಎರಡು ತುಂಡುಗಳನ್ನು ಎರಡು ಅಂಗೈಗಳ ಮೇಲೆ ಇಟ್ಟುಕೊಂಡಾಗ ಒಂದು ಕೈ ತಾನಾಗಿ ಕೆಳಗಿಳಿಯುತ್ತದೆ. ಸಾಂದ್ರತೆ ಎಂಬ ಪರಿಕಲ್ಪನೆಯನ್ನು ಅಷ್ಟು ನೇರವಾಗಿ ಕೈಗೆ ಮುಟ್ಟಿಸುವ ಸಾಧನವನ್ನು ನಾನು ಬೇರೆ ಕಂಡಿಲ್ಲ. ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಬೇಕೆಂಬ ಸೂತ್ರವನ್ನು ಕಪ್ಪು ಹಲಗೆಯ ಮೇಲೆ ಬರೆಯುವುದಕ್ಕೆ ಮುಂಚೆ ಈ ಕ್ಯೂಬ್‌ಗಳನ್ನು ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸಿದರೆ ಸೂತ್ರ ತಾನಾಗಿಯೇ ಅರ್ಥ ಪಡೆಯುತ್ತದೆ. ತಯಾರಿಕೆಯೂ ಅಚ್ಚುಕಟ್ಟಾಗಿದೆ: ಅಂಚುಗಳನ್ನು ಉಜ್ಜಿ ನಯ ಮಾಡಿದ್ದಾರೆ, ಲೋಹದ ತುಂಡುಗಳಲ್ಲಿ ಟೊಳ್ಳಿಲ್ಲ, ನಾವು ಅಳೆದ ತೂಕಗಳು ಆಯಾ ವಸ್ತುವಿನ ಸಾಂದ್ರತೆಗೆ ಸರಿಯಾಗಿ ಹೊಂದಿದವು.

ಆದರೆ ಇದೇ ಸಮಾನ ಗಾತ್ರದಲ್ಲಿ ಕಿಟ್‌ನ ದೊಡ್ಡ ಕೊರತೆಯೂ ಅಡಗಿದೆ, ಮತ್ತು ಅದನ್ನು ಮಾರುವವರಾಗಲಿ ಕೈಪಿಡಿ ಬರೆದವರಾಗಲಿ ಗಮನಿಸಿದಂತೆ ತೋರುವುದಿಲ್ಲ. ಹತ್ತೂ ತುಂಡುಗಳ ಗಾತ್ರ ಒಂದೇ ಆಗಿರುವಾಗ, ಹೆಚ್ಚು ತೂಗುವುದೇ ಹೆಚ್ಚು ಸಾಂದ್ರವೂ ಆಗಿರುತ್ತದೆ. ಪ್ರತಿ ಕ್ಯೂಬ್‌ನ ಗಾತ್ರ ಸುಮಾರು 15.6 ಘನ ಸೆಂ.ಮೀ.; ಅಷ್ಟು ನೀರಿನ ತೂಕ 15.6 ಗ್ರಾಂ. ಅದಕ್ಕಿಂತ ಹೆಚ್ಚು ತೂಗುವ ಕ್ಯೂಬ್‌ಗಳೆಲ್ಲ ಮುಳುಗುತ್ತವೆ, ಕಡಿಮೆ ತೂಗುವ ಮೂರು ತೇಲುತ್ತವೆ. ಅಂದರೆ ಭಾರವಾದದ್ದು ಮುಳುಗುತ್ತದೆ ಎಂಬ ಮಗುವಿನ ಹಳೆಯ ನಂಬಿಕೆ ಈ ಪ್ರಯೋಗದಲ್ಲಿ ಹತ್ತಕ್ಕೆ ಹತ್ತು ಅಂಕ ಪಡೆದು ಗೆಲ್ಲುತ್ತದೆ! ಕಿಟ್ ಯಾವ ತಪ್ಪು ಕಲ್ಪನೆಯನ್ನು ಮುರಿಯಲೆಂದು ಬಂದಿತೋ ಅದಕ್ಕೇ ಪುರಾವೆ ಒದಗಿಸಿ ಕುಳಿತುಕೊಳ್ಳುತ್ತದೆ.

ಪರಿಹಾರಕ್ಕೆ ದೊಡ್ಡ ವೆಚ್ಚವೇನೂ ಬೇಡ. ಬಡಗಿಯ ಅಂಗಡಿಯಿಂದ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, 5 ಸೆಂ.ಮೀ. ದಪ್ಪದ ಒಂದು ತೇಗದ ತುಂಡನ್ನು ತಂದೆವು. ಅದು 300 ಗ್ರಾಂಗೂ ಹೆಚ್ಚು ತೂಗುತ್ತದೆ. 139 ಗ್ರಾಂ ತೂಗುವ ತಾಮ್ರ ತಳ ಸೇರಿದ ಅದೇ ತೊಟ್ಟಿಯಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಭಾರದ ಮರ ತೇಲುತ್ತದೆ, ಸೈಕಲ್ಲಿನ ಬೇರಿಂಗ್‌ನಿಂದ ತೆಗೆದ ಒಂದು ಪುಟ್ಟ ಉಕ್ಕಿನ ಗುಂಡು ಮುಳುಗುತ್ತದೆ. ತರಗತಿಯಲ್ಲಿ ನಿಜವಾದ ಚರ್ಚೆ ಹುಟ್ಟಿದ್ದು ಆಗಲೇ. ಒಂಬತ್ತನೆಯ ತರಗತಿಯ ಪಠ್ಯದ ಗುರುತ್ವದ ಅಧ್ಯಾಯದಲ್ಲಿ ಸಮಾನ ದ್ರವ್ಯರಾಶಿಯ ಬೆಂಡು ಮತ್ತು ಕಬ್ಬಿಣದ ಮೊಳೆಯನ್ನು ನೀರಿಗೆ ಹಾಕುವ ಚಟುವಟಿಕೆಯೊಂದಿದೆ. ಅಲ್ಲಿ ತೂಕ ಒಂದೇ, ಗಾತ್ರ ಬೇರೆ; ಕಿಟ್‌ನ ಕ್ಯೂಬ್‌ಗಳಲ್ಲಿ ಗಾತ್ರ ಒಂದೇ, ತೂಕ ಬೇರೆ. ಎರಡನ್ನೂ ಒಂದರ ಮಗ್ಗುಲಲ್ಲಿ ಒಂದು ಮಾಡಿಸಿದಾಗ ಮಾತ್ರ ನಿರ್ಣಾಯಕವಾದದ್ದು ತೂಕವೂ ಅಲ್ಲ, ಗಾತ್ರವೂ ಅಲ್ಲ, ಅವೆರಡರ ಅನುಪಾತವೆಂಬುದು ಮಗುವಿಗೆ ತಾನಾಗಿ ಹೊಳೆಯುತ್ತದೆ. ಸಮಾನ ತೂಕದ, ಬೇರೆ ಬೇರೆ ಗಾತ್ರದ ನಾಲ್ಕು ತುಂಡುಗಳನ್ನೂ ಒಂದು ದೊಡ್ಡ ಮರದ ತುಂಡನ್ನೂ ತಯಾರಕರು ಸೇರಿಸಿದ್ದರೆ ಬೆಲೆ ಸ್ವಲ್ಪವೇ ಹೆಚ್ಚುತ್ತಿತ್ತು, ಕಿಟ್‌ನ ಯೋಗ್ಯತೆ ಬಹಳ ಹೆಚ್ಚುತ್ತಿತ್ತು.

ಸಮಾನ ಗಾತ್ರದ ಕ್ಯೂಬ್‌ಗಳಿಂದ ಮಾಡಬಹುದಾದ ಅತ್ಯುತ್ತಮ ಪ್ರಯೋಗ ಮಾತ್ರ ಬೇರೆಯೇ ಇದೆ, ಮತ್ತು ಅದು ಕೈಪಿಡಿಯಲ್ಲಿ ಕೊನೆಯ ಪುಟಕ್ಕೆ ತಳ್ಳಲ್ಪಟ್ಟಿದೆ. ತಾಮ್ರದ ಕ್ಯೂಬನ್ನು ಸ್ಪ್ರಿಂಗ್ ತ್ರಾಸಿಗೆ ತೂಗುಹಾಕಿ ನೀರಿನಲ್ಲಿ ಪೂರ್ತಿ ಮುಳುಗಿಸಿದರೆ ಅದರ ತೂಕ ಎಷ್ಟು ಕಡಿಮೆಯಾಗುತ್ತದೆಯೋ ಅಲ್ಯೂಮಿನಿಯಂ ಕ್ಯೂಬ್‌ನದೂ ಸರಿಯಾಗಿ ಅಷ್ಟೇ ಕಡಿಮೆಯಾಗಬೇಕು. ನೀರು ತನ್ನೊಳಗೆ ಇಳಿದದ್ದು ತಾಮ್ರವೋ ಅಲ್ಯೂಮಿನಿಯಮ್ಮೋ ಎಂಬುದನ್ನು ನೋಡುವುದಿಲ್ಲ, ತನ್ನಿಂದ ಎಷ್ಟು ಜಾಗವನ್ನು ಅದು ಕಸಿದುಕೊಂಡಿತು ಎಂಬುದಕ್ಕೆ ತಕ್ಕಂತೆ ಮೇಲಕ್ಕೆ ತಳ್ಳುತ್ತದೆ. ಪಠ್ಯಪುಸ್ತಕ ಪ್ಲವನ ಬಲವೆಂದು ಕರೆಯುವ ಈ ಮೇಲ್ಮುಖ ಬಲ ಸ್ಥಾನಪಲ್ಲಟಗೊಂಡ ನೀರಿನ ತೂಕಕ್ಕೆ ಸಮ ಎಂಬ ಆರ್ಕಿಮಿಡೀಸನ ತತ್ವದ ತಿರುಳು ಇದೇ ಆಗಿದೆ. ಆದರೆ ಕಿಟ್‌ನ ತ್ರಾಸಿನಲ್ಲಿ ಒಂದೊಂದು ಗೆರೆಯೂ 10 ಗ್ರಾಂ ಅಂತರದಲ್ಲಿದೆ. ಅಳೆಯಬೇಕಾದ ವ್ಯತ್ಯಾಸ 15.6 ಗ್ರಾಂ, ಅಂದರೆ ಒಂದೂವರೆ ಗೆರೆ. ಒಂದು ಗುಂಪು 10 ಎಂದು ಬರೆಯಿತು, ಇನ್ನೊಂದು 20 ಎಂದು ಬರೆಯಿತು. ಎರಡೂ ಗುಂಪುಗಳು ತಮಗೆ ಕಂಡದ್ದನ್ನೇ ಬರೆದಿದ್ದವು. ಇಷ್ಟು ಮುಖ್ಯವಾದ ಪ್ರಯೋಗಕ್ಕೆ ಇಷ್ಟು ಒರಟಾದ ಉಪಕರಣವನ್ನು ಕೊಡುವುದು ನ್ಯಾಯವಲ್ಲ.

ಈ ತೊಡಕನ್ನು ಅಡುಗೆಮನೆಯಲ್ಲಿ ಬಳಸುವ ಡಿಜಿಟಲ್ ತೂಕದ ಯಂತ್ರದಿಂದ ಪರಿಹರಿಸಬಹುದು, ಮತ್ತು ಕಿಟ್ ಕೊಂಡವರೆಲ್ಲ ಇದನ್ನು ಮಾಡಲೇಬೇಕೆಂದು ಒತ್ತಿ ಹೇಳುತ್ತೇನೆ. ಯಂತ್ರದ ಮೇಲೆ ನೀರು ತುಂಬಿದ ಲೋಟವನ್ನಿಟ್ಟು ಅಂಕಿಯನ್ನು ಸೊನ್ನೆಗೆ ತರಬೇಕು. ಬಳಿಕ ದಾರ ಕಟ್ಟಿದ ಕ್ಯೂಬನ್ನು ಕೈಯಲ್ಲಿ ಹಿಡಿದು, ತಳಕ್ಕಾಗಲಿ ಬದಿಗಾಗಲಿ ತಾಗದಂತೆ ನೀರಿನೊಳಗೆ ಪೂರ್ತಿ ಇಳಿಸಬೇಕು. ಕ್ಯೂಬಿನ ಭಾರವನ್ನು ಕೈಯೇ ಹೊತ್ತಿದ್ದರೂ ಅಂಕಿ ಮೇಲೇರುತ್ತದೆ, ಏಕೆಂದರೆ ನೀರು ಕ್ಯೂಬನ್ನು ಮೇಲಕ್ಕೆ ತಳ್ಳಿದಷ್ಟೇ ಕ್ಯೂಬ್ ನೀರನ್ನು ಕೆಳಕ್ಕೆ ತಳ್ಳುತ್ತದೆ. ತಾಮ್ರವಾದರೂ ಹಿತ್ತಾಳೆಯಾದರೂ ಅಲ್ಯೂಮಿನಿಯಂ ಆದರೂ ಯಂತ್ರ 15 ಅಥವಾ 16 ಗ್ರಾಂ ಎಂದೇ ತೋರಿಸುತ್ತದೆ. ಇನ್ನೂ ಆಳಕ್ಕೆ ಇಳಿಸಿದರೂ ಅಂಕಿ ಬದಲಾಗುವುದಿಲ್ಲ. ಆಳಕ್ಕೆ ಹೋದಂತೆಲ್ಲ ನೀರು ಹೆಚ್ಚು ತಳ್ಳುತ್ತದೆ ಎಂದು ನಂಬಿದ್ದ ಮಕ್ಕಳಿಗೆ ಇದು ಎರಡನೆಯ ಪಾಠ: ಆಳದೊಂದಿಗೆ ಒತ್ತಡ ಹೆಚ್ಚುವುದು ನಿಜ, ಆದರೆ ಕ್ಯೂಬಿನ ಕೆಳಮುಖದ ಮೇಲೂ ಮೇಲ್ಮುಖದ ಮೇಲೂ ಅದು ಒಂದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ಎರಡರ ವ್ಯತ್ಯಾಸ ಹಾಗೆಯೇ ಉಳಿಯುತ್ತದೆ. ಆಮೇಲೆ ದಾರವನ್ನು ಸಡಿಲಿಸಿ ತಾಮ್ರದ ಕ್ಯೂಬ್ ತಳದ ಮೇಲೆ ಕೂರುವಂತೆ ಬಿಟ್ಟರೆ ಅಂಕಿ ಒಮ್ಮೆಲೇ 139ಕ್ಕೆ ನೆಗೆಯುತ್ತದೆ. ತೇಲುವ ಪೈನ್ ತುಂಡನ್ನು ಸುಮ್ಮನೆ ನೀರಿನ ಮೇಲೆ ಬಿಟ್ಟರೆ ಯಂತ್ರ ಅದರ ಪೂರ್ತಿ ತೂಕವನ್ನು ತೋರಿಸುತ್ತದೆ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂಬ ನಿಯಮವನ್ನು ಇದರಿಂದ ಮಕ್ಕಳೇ ತಲುಪಬಲ್ಲರು.

ಓವರ್‌ಫ್ಲೋ ಪಾತ್ರೆಯ ಬಗ್ಗೆ ಹೇಳುವುದಾದರೆ, ಅದು ನೋಡಲು ಚೆನ್ನಾಗಿದೆ, ಅಳೆಯಲು ಸಾಲದು. ಮೂತಿಯವರೆಗೆ ನೀರು ತುಂಬಿ ಕ್ಯೂಬನ್ನು ಇಳಿಸಿದಾಗ ಹೊರಬೀಳುವ ನೀರು 15.6 ಮಿ.ಲೀ. ಇರಬೇಕು. ಆದರೆ ನೀರಿನ ಮೇಲ್ಮೈ ಎಳೆತದಿಂದಾಗಿ ಕೊನೆಯ ಕೆಲವು ಹನಿಗಳು ಮೂತಿಯ ಅಂಚಿನಲ್ಲೇ ಅಂಟಿಕೊಳ್ಳುತ್ತವೆ, ಪಾತ್ರೆಯ ಬಾಯಲ್ಲಿ ನೀರು ಸ್ವಲ್ಪ ಉಬ್ಬಿಯೂ ನಿಲ್ಲುತ್ತದೆ. ನೂರಾರು ಮಿ.ಲೀ. ನೀರನ್ನು ಹೊರದೂಡುವ ದೊಡ್ಡ ವಸ್ತುವಾದರೆ ಈ ಕೊರತೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಇಷ್ಟು ಚಿಕ್ಕ ಕ್ಯೂಬಿಗೆ ಒಂದೆರಡು ಮಿ.ಲೀ. ವ್ಯತ್ಯಾಸವೂ ಫಲಿತಾಂಶವನ್ನು ಕೆಡಿಸುತ್ತದೆ. ಪಾತ್ರೆ ತೊಳೆಯುವ ಸಾಬೂನಿನ ಒಂದು ಹನಿಯನ್ನು ಬೆರೆಸಿದರೆ ಸ್ಥಿತಿ ಸುಧಾರಿಸುತ್ತದೆ. ಕ್ಯೂಬನ್ನು ನೇರವಾಗಿ ಅಳತೆಯ ಸಿಲಿಂಡರಿನೊಳಗೆ ಇಳಿಸಿ ನೀರಿನ ಏರಿಕೆಯನ್ನು ಓದೋಣವೆಂದರೆ ಅದೂ ಆಗದು, ಏಕೆಂದರೆ ಕ್ಯೂಬಿನ ಮುಖದ ಕರ್ಣ ಸುಮಾರು 3.5 ಸೆಂ.ಮೀ. ಇದ್ದು 100 ಮಿ.ಲೀ. ಸಿಲಿಂಡರಿನ ಬಾಯಿ ಅದಕ್ಕಿಂತ ಕಿರಿದು. ಒಂದೇ ಪೆಟ್ಟಿಗೆಯ ಎರಡು ಸಾಮಗ್ರಿಗಳು ಒಂದಕ್ಕೊಂದು ಹೊಂದದಿರುವುದು ತಯಾರಕರು ತಾವೇ ಒಮ್ಮೆ ಪ್ರಯೋಗವನ್ನು ಮಾಡಿ ನೋಡಿಲ್ಲವೆಂಬುದಕ್ಕೆ ಸಾಕ್ಷಿ.

ಉಕ್ಕಿದ ನೀರನ್ನು ಅಳೆಯುವ ಈ ತೊಡಕಿಗೆ ದೀರ್ಘವಾದ ಇತಿಹಾಸವಿದೆ, ಮತ್ತು ಅದನ್ನು ಮಕ್ಕಳಿಗೆ ಹೇಳುವುದು ನನಗೆ ಬಹಳ ಇಷ್ಟ. ಸಿರಾಕ್ಯೂಸಿನ ಅರಸನ ಕಿರೀಟದಲ್ಲಿ ಚಿನ್ನಕ್ಕೆ ಬೆಳ್ಳಿ ಬೆರೆತಿದೆಯೇ ಎಂದು ಆರ್ಕಿಮಿಡೀಸ್ ನೀರನ್ನು ಉಕ್ಕಿಸಿ ಕಂಡುಹಿಡಿದನೆಂಬ ಕಥೆ ಎಲ್ಲರಿಗೂ ಗೊತ್ತು. ಆ ಕಥೆ ದೊರೆಯುವುದು ಆರ್ಕಿಮಿಡೀಸನ ಬರಹಗಳಲ್ಲಲ್ಲ. ಅವನು ತೀರಿಕೊಂಡು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಬಾಳಿದ ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಅದನ್ನು ಬರೆದಿಟ್ಟ. 1586ರಲ್ಲಿ, ಇನ್ನೂ ಇಪ್ಪತ್ತೆರಡರ ಹರೆಯದ ಗೆಲಿಲಿಯೊ, ಉಕ್ಕಿದ ನೀರನ್ನು ಅಳೆಯುವ ವಿಧಾನ ಆರ್ಕಿಮಿಡೀಸನಂಥವನಿಗೆ ತಕ್ಕಷ್ಟು ನಿಖರವಾದುದಲ್ಲವೆಂದು ವಾದಿಸಿ, ವಸ್ತುವನ್ನು ಗಾಳಿಯಲ್ಲೊಮ್ಮೆ ನೀರಿನಲ್ಲೊಮ್ಮೆ ತೂಗುವ ಸೂಕ್ಷ್ಮ ತ್ರಾಸೊಂದನ್ನು ವಿವರಿಸಿದ. ಓವರ್‌ಫ್ಲೋ ಪಾತ್ರೆಯೊಂದಿಗೆ ಹೆಣಗಿ ಬಳಿಕ ತೂಕದ ಯಂತ್ರಕ್ಕೆ ಬಂದ ನಮ್ಮ ಮಕ್ಕಳು ಗೆಲಿಲಿಯೊನ ತೀರ್ಮಾನಕ್ಕೇ ಸ್ವಂತ ಅನುಭವದಿಂದ ಬಂದಂತಾಯಿತು. ಕೈಪಿಡಿಯಲ್ಲಿ ಆರ್ಕಿಮಿಡೀಸನು ಸ್ನಾನದ ತೊಟ್ಟಿಯಿಂದ ಎದ್ದು ಓಡುವ ಚಿತ್ರವಿದೆ, ಗೆಲಿಲಿಯೊನ ಪ್ರಸ್ತಾಪವೇ ಇಲ್ಲ.

ಉಪ್ಪುನೀರಿನ ಭಾಗ ನನಗೆ ಅತ್ಯಂತ ಮೆಚ್ಚಿಗೆಯಾಯಿತು, ಆದರೆ ಅದಕ್ಕೂ ಸಾಮಗ್ರಿ ಸಾಲದು. ಸಿಹಿನೀರಿನಲ್ಲಿ ಮುಳುಗುವ ನೈಲಾನ್ ಮತ್ತು ಅಕ್ರಿಲಿಕ್ ಎರಡರ ಸಾಂದ್ರತೆಯೂ ನೀರಿಗಿಂತ ಸ್ವಲ್ಪವೇ ಹೆಚ್ಚು: ಒಂದು ಘನ ಸೆಂ.ಮೀ.ಗೆ ಇಷ್ಟು ಗ್ರಾಂ ಎಂಬ ಲೆಕ್ಕದಲ್ಲಿ ನೈಲಾನಿನದು ಸುಮಾರು 1.14, ಅಕ್ರಿಲಿಕ್‌ನದು ಸುಮಾರು 1.18. ಅರ್ಧ ಲೀಟರ್ ನೀರಿಗೆ ಉಪ್ಪನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತ ಹೋದರೆ, 120 ಗ್ರಾಂ ದಾಟುವ ಹೊತ್ತಿಗೆ ನೈಲಾನ್ ಕ್ಯೂಬ್ ತಳ ಬಿಟ್ಟು ಮೆಲ್ಲಗೆ ಮೇಲೇಳುತ್ತದೆ. 160–170 ಗ್ರಾಂ ಆಗುವಷ್ಟರಲ್ಲಿ ಅಕ್ರಿಲಿಕ್ ಕೂಡ ಏಳುತ್ತದೆ. ಆಮೇಲೆ ಎಷ್ಟು ಉಪ್ಪು ಹಾಕಿದರೂ ಕರಗದ ಸ್ಥಿತಿ ಬರುತ್ತದೆ, ಮತ್ತು ಪಿವಿಸಿ ತಳದಲ್ಲೇ ಉಳಿಯುತ್ತದೆ, ಏಕೆಂದರೆ ತಣ್ಣನೆಯ ನೀರು ಹಿಡಿದಿಡಬಲ್ಲ ಉಪ್ಪಿನಿಂದ ಅದರ ಸಾಂದ್ರತೆ 1.2ರ ಆಚೆಗೆ ಹೋಗುವುದಿಲ್ಲ. ಕ್ಯೂಬ್ ಬದಲಾಗಿಲ್ಲ, ಅದರ ತೂಕ ಬದಲಾಗಿಲ್ಲ, ಬದಲಾದದ್ದು ನೀರು. ತೇಲುವುದು ವಸ್ತುವಿನ ಒಂಟಿ ಗುಣವಲ್ಲ, ವಸ್ತು ಮತ್ತು ದ್ರವಗಳ ನಡುವಿನ ಹೋಲಿಕೆಯ ಫಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಯೋಗ ಶಾಲೆಯ ಮಟ್ಟದಲ್ಲಿ ಇಲ್ಲ. ಹೀಗಿರುವಾಗ ಕಿಟ್‌ನಲ್ಲಿ ಕೊಟ್ಟಿರುವ 50 ಗ್ರಾಂ ಉಪ್ಪು ಹೊಸ ಮೊಟ್ಟೆಯೊಂದನ್ನು ತೇಲಿಸಲೂ ಸಾಲದಾಗಬಹುದು. ನಾವು ಬಿಸಿಯೂಟದ ಅಡುಗೆಮನೆಯಿಂದ ಪುಡಿ ಉಪ್ಪು ತಂದು ಕೆಲಸ ಪೂರೈಸಿದೆವು. ಪ್ರಯೋಗ ಮುಗಿದ ಕೂಡಲೇ ಕ್ಯೂಬ್‌ಗಳನ್ನು ಸಿಹಿನೀರಿನಲ್ಲಿ ತೊಳೆದು ಒರೆಸಿಡದಿದ್ದರೆ ಉಕ್ಕಿನ ತುಂಡು ತುಕ್ಕು ಹಿಡಿಯುತ್ತದೆ.

ಇನ್ನು ಕೈಪಿಡಿ. ಮುದ್ರಣ ಚೆನ್ನಾಗಿದೆ, ಕನ್ನಡವೂ ಓದಿಸಿಕೊಂಡು ಹೋಗುತ್ತದೆ. ಆದರೆ ಮೊದಲ ಪುಟದಲ್ಲೇ ಹಗುರವಾದ ವಸ್ತುಗಳು ತೇಲುತ್ತವೆ, ಭಾರವಾದವು ಮುಳುಗುತ್ತವೆ ಎಂಬ ಅರ್ಥದ ವಾಕ್ಯವಿದೆ. ಮುಂದಿನ ಪುಟಗಳಲ್ಲಿ ಸಾಂದ್ರತೆಯ ಸರಿಯಾದ ವಿವರಣೆ ಬರುತ್ತದೆಯಾದರೂ ಮೊದಲ ವಾಕ್ಯವನ್ನು ಅದು ಹಿಂತೆಗೆದುಕೊಳ್ಳುವುದಿಲ್ಲ. ಮಗು ಮೊದಲು ಓದಿದ್ದನ್ನೇ, ಅದೂ ತಾನು ಮೊದಲಿನಿಂದ ನಂಬಿದ್ದನ್ನೇ, ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನೀರಿನ ಸಾಂದ್ರತೆ 1 ಎಂದು ಏಕಮಾನವಿಲ್ಲದೆ ಮುದ್ರಿಸಲಾಗಿದೆ. ಪಠ್ಯದಲ್ಲಿ ಒಂದು ಘನ ಮೀಟರಿಗೆ 1000 ಕೆ.ಜಿ. ಎಂದು ಓದಿದ ಮಕ್ಕಳು ಗೊಂದಲಕ್ಕೀಡಾಗುತ್ತಾರೆ. ಇವೆರಡಕ್ಕಿಂತ ಹೆಚ್ಚು ನೋವಾಗುವುದು ಫಲಿತಾಂಶದ ಕೋಷ್ಟಕವನ್ನು ಮೊದಲೇ ತುಂಬಿಟ್ಟಿರುವುದನ್ನು ಕಂಡಾಗ. ಯಾವ ಕ್ಯೂಬ್ ತೇಲುತ್ತದೆ, ಯಾವುದು ಮುಳುಗುತ್ತದೆ ಎಂದು ಮುದ್ರಿಸಿಟ್ಟ ಮೇಲೆ ಮಗು ಪ್ರಯೋಗವನ್ನು ಏಕೆ ಮಾಡಬೇಕು? ನೀರಿಗೆ ಹಾಕುವ ಮುಂಚೆ ಊಹೆಯನ್ನು ಬರೆಯಲು ಒಂದು ಕಾಲಂ, ಊಹೆಗೆ ಕಾರಣ ಬರೆಯಲು ಇನ್ನೊಂದು, ಕಂಡದ್ದನ್ನು ಬರೆಯಲು ಮತ್ತೊಂದು ಇರಬೇಕಿತ್ತು. ಊಹೆ ತಪ್ಪಾದ ಆ ಕ್ಷಣದಲ್ಲೇ ಕಲಿಕೆ ನಡೆಯುತ್ತದೆ, ಅದನ್ನು ಕೈಪಿಡಿ ಮಕ್ಕಳಿಂದ ಕಸಿದುಕೊಂಡಿದೆ. ನಾವು ಕೈಪಿಡಿಯನ್ನು ಕಪಾಟಿನಲ್ಲಿಟ್ಟು ನಮ್ಮದೇ ಹಾಳೆಯನ್ನು ಬಳಸಿದೆವು.

ಆಕಾರದ ವಿಷಯವನ್ನು ಕಿಟ್ ಮುಟ್ಟುವುದೇ ಇಲ್ಲ. ಉಕ್ಕಿನ ಕ್ಯೂಬ್ ಮುಳುಗಿದ್ದನ್ನು ಕಂಡ ಯಾವ ಮಗುವಾದರೂ ಹಾಗಾದರೆ ಹಡಗು ಹೇಗೆ ತೇಲುತ್ತದೆ ಎಂದು ಕೇಳಿಯೇ ಕೇಳುತ್ತದೆ, ಮತ್ತು ಆ ಪ್ರಶ್ನೆಗೆ ಉತ್ತರಿಸುವ ಒಂದು ಸಾಮಗ್ರಿಯೂ ಪೆಟ್ಟಿಗೆಯಲ್ಲಿಲ್ಲ. ಅಡುಗೆಗೆ ಬಳಸುವ ಅಲ್ಯೂಮಿನಿಯಂ ಹಾಳೆಯ ಎರಡು ಸಮನಾದ ತುಂಡುಗಳು ಇಲ್ಲಿ ಬಹಳ ಪ್ರಯೋಜನಕ್ಕೆ ಬರುತ್ತವೆ. ಒಂದನ್ನು ದೋಣಿಯಂತೆ ಮಡಿಸಿದರೆ ನಾಣ್ಯಗಳನ್ನು ಹೊತ್ತು ತೇಲುತ್ತದೆ. ಇನ್ನೊಂದನ್ನು ಮತ್ತೆ ಮತ್ತೆ ಮಡಿಸಿ, ಒಳಗೆ ಗಾಳಿ ಉಳಿಯದಂತೆ ಸುತ್ತಿಗೆಯಿಂದ ಬಡಿದರೆ ಮುಳುಗುತ್ತದೆ. ಸುಮ್ಮನೆ ಉಂಡೆ ಮಾಡಿದರೆ ಮಾತ್ರ ಒಳಗಿನ ಗಾಳಿಯಿಂದ ತೇಲುತ್ತದೆ, ಆದ್ದರಿಂದ ಬಡಿಯುವುದನ್ನು ಮರೆಯಬಾರದು. ತುಂಗಭದ್ರೆಯಲ್ಲೋ ಕಾವೇರಿಯಲ್ಲೋ ಹರಿಗೋಲನ್ನು ಕಂಡ ಮಕ್ಕಳಿಗೆ ಇದನ್ನು ವಿವರಿಸುವುದು ಇನ್ನೂ ಸುಲಭ. ಎರಡು ಮೀಟರ್ ವ್ಯಾಸದ ಹರಿಗೋಲಿನ ತಳವನ್ನು ಸಮತಟ್ಟೆಂದು ಹಿಡಿದರೆ, ಅದು ನೀರಿನಲ್ಲಿ 10 ಸೆಂ.ಮೀ. ಇಳಿದಾಗ 300 ಲೀಟರಿಗೂ ಹೆಚ್ಚು ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಅಂದರೆ ತನ್ನ ತೂಕವೂ ಸೇರಿದಂತೆ 300 ಕೆ.ಜಿ.ಗೂ ಮೀರಿದ ಭಾರವನ್ನು ಅಷ್ಟು ಇಳಿತದಲ್ಲೇ ಹೊರುತ್ತದೆ. ಈ ಲೆಕ್ಕವನ್ನು ಒಂಬತ್ತನೆಯ ತರಗತಿಯವರು ತಾವೇ ಮಾಡಿದರು.

ಮರದ ಎರಡು ಕ್ಯೂಬ್‌ಗಳಿಗೆ ಮೆರುಗೆಣ್ಣೆ ಬಳಿದಿಲ್ಲ. ಹೆಚ್ಚು ಹೊತ್ತು ನೀರಿನಲ್ಲಿ ಬಿಟ್ಟರೆ ಅವು ನೀರು ಹೀರಿಕೊಂಡು ಭಾರವಾಗುತ್ತವೆ, ತೂಕದ ಅಳತೆ ಏರುಪೇರಾಗುತ್ತದೆ. ಆದರೆ ಇದನ್ನು ದೋಷವೆಂದು ಎಣಿಸಲು ನನಗೆ ಮನಸ್ಸಿಲ್ಲ. ಮರದ ಕೋಶಗಳ ಗೋಡೆಯ ಸಾಂದ್ರತೆ ಸುಮಾರು 1.5, ಅಂದರೆ ನೀರಿಗಿಂತ ಹೆಚ್ಚು; ಮರ ತೇಲುವುದು ಆ ಕೋಶಗಳ ಟೊಳ್ಳಿನಲ್ಲಿ ತುಂಬಿರುವ ಗಾಳಿಯಿಂದ, ಹಡಗು ತೇಲುವುದೂ ತನ್ನೊಳಗಿನ ಗಾಳಿಯಿಂದಲೇ. ಮೆರುಗೆಣ್ಣೆಯಿಲ್ಲದ ಪೈನ್ ತುಂಡು ವಾರಗಟ್ಟಲೆ ನೆನೆದು ಕ್ರಮೇಣ ಕೆಳಗಿಳಿಯುವುದನ್ನು ಪ್ರತಿ ವಾರ ಗುರುತು ಹಾಕಿ ದಾಖಲಿಸಿದರೆ ಅದೇ ಒಂದು ಸ್ವತಂತ್ರ ಪ್ರಯೋಗವಾಗುತ್ತದೆ.

ಪ್ಲಾಸ್ಟಿಕ್ ಕ್ಯೂಬ್‌ಗಳಿಂದ ಇನ್ನೊಂದು ಪ್ರಯೋಜನವಿದೆ. ನೀರಿನ ಬಾಟಲಿಯ ಪಿಇಟಿ ಪ್ಲಾಸ್ಟಿಕ್‌ನ ಸಾಂದ್ರತೆ ಸುಮಾರು 1.38, ಅದರ ಮುಚ್ಚಳ ಮಾಡುವ ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್‌ನದು 1ಕ್ಕಿಂತ ಕಡಿಮೆ. ಬಾಟಲಿಯನ್ನೂ ಮುಚ್ಚಳವನ್ನೂ ಚೂರುಗಳಾಗಿ ಕತ್ತರಿಸಿ ನೀರಿಗೆ ಹಾಕಿದರೆ ಒಂದು ಮುಳುಗಿ ಇನ್ನೊಂದು ತೇಲುತ್ತದೆ. ಪ್ಲಾಸ್ಟಿಕ್ ಮರುಬಳಕೆಯ ಕಾರ್ಖಾನೆಗಳಲ್ಲಿ ಎರಡನ್ನೂ ಬೇರ್ಪಡಿಸುವುದು ಇದೇ ರೀತಿಯಲ್ಲಿ. ಕಿಟ್‌ನ ಪಾಲಿಪ್ರೊಪಿಲೀನ್ ಕ್ಯೂಬ್ ತೇಲುವುದನ್ನು ಕಂಡ ಮಕ್ಕಳಿಗೆ ಈ ಸಂಬಂಧ ಕೂಡಲೇ ಮನದಟ್ಟಾಯಿತು.

ಕೊಳ್ಳಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಹೀಗಿದೆ. ಪ್ರೌಢಶಾಲೆಗೆ, ಅದರಲ್ಲೂ ಡಿಜಿಟಲ್ ತೂಕದ ಯಂತ್ರ ಈಗಾಗಲೇ ಇರುವ ಶಾಲೆಗೆ, ಈ ಕ್ಯೂಬ್‌ಗಳು ಖಂಡಿತ ಬೇಕು. ಹತ್ತಾರು ವರ್ಷ ಬಾಳುವ ವಸ್ತುಗಳಾದ್ದರಿಂದ ಕೊಟ್ಟ ಹಣ ವ್ಯರ್ಥವಾಗುವುದಿಲ್ಲ. ಕ್ಯೂಬ್‌ಗಳನ್ನು ಮಾತ್ರ ಬಿಡಿಯಾಗಿ ಮಾರುವವರಿದ್ದರೆ ಅದನ್ನೇ ಕೊಂಡು, ಉಳಿದ ಹಣದಲ್ಲಿ ಬಾಯಿ ಅಗಲವಿರುವ 250 ಮಿ.ಲೀ. ಸಿಲಿಂಡರ್ ಮತ್ತು ತೂಕದ ಯಂತ್ರವನ್ನು ತೆಗೆದುಕೊಳ್ಳುವುದು ಹೆಚ್ಚು ಲಾಭಕರ. ಪ್ರಾಥಮಿಕ ಶಾಲೆಯ ಕಿರಿಯ ಮಕ್ಕಳಿಗೆ ಇಷ್ಟು ಖರ್ಚಿನ ಅಗತ್ಯವಿಲ್ಲ. ಸಿಪ್ಪೆಸಹಿತ ಮತ್ತು ಸಿಪ್ಪೆ ಸುಲಿದ ಕಿತ್ತಳೆ, ತೆಂಗಿನಕಾಯಿ, ಬೆಣಚುಕಲ್ಲು, ಮರದ ತುಂಡು, ಬಕೆಟ್ ನೀರು ಇಷ್ಟಿದ್ದರೆ ಅವರ ವಯಸ್ಸಿಗೆ ತಕ್ಕ ಪ್ರಶ್ನೆಗಳೆಲ್ಲ ಹುಟ್ಟುತ್ತವೆ. ಕೊಳ್ಳುವ ಮುನ್ನ ಕ್ಯೂಬ್‌ಗಳ ಪಟ್ಟಿಯಲ್ಲಿ ಸೀಸ ಇದೆಯೇ ಎಂದು ತಪ್ಪದೆ ಕೇಳಬೇಕು. ಇಂಥ ಕೆಲವು ಸೆಟ್‌ಗಳಲ್ಲಿ ಸೀಸದ ಕ್ಯೂಬ್ ಇರುತ್ತದೆ. ಅದು ವಿಷಕಾರಿ ಲೋಹವಾದ್ದರಿಂದ, ಮಕ್ಕಳು ಬರಿಗೈಯಲ್ಲಿ ಮುಟ್ಟಿ ಕಲಿಯಬೇಕಾದ ಕಿಟ್‌ನಲ್ಲಿ ಅದಕ್ಕೆ ಸ್ಥಳವಿಲ್ಲ.